ಅಮಾನತ್ತಿಗೆ ಹೊಣೆಗಾರರು ಯಾರು?

“ಬ್ಯಾಂಕಿಲ್ಲ, ಬಡ್ಡಿಯಿಲ್ಲ, ಯಾರನ್ನೂ ನಂಬಬೇಕಾಗಿಲ್ಲ” – ಕ್ರಿಪ್ಟೋ ಪ್ರಚಾರಕರು ನಮ್ಮ ಯುವಕರ ಮುಂದಿಡುವ ವಾದವಿದು. ಬಡ್ಡಿಯಿಂದ ದೂರವಿರಬಯಸುವ ವಿಶ್ವಾಸಿಗೆ ಇದು ಇಂಪಾಗಿ ಕೇಳಿಸುತ್ತದೆ. ಕ್ರಿಪ್ಟೋ ನಾಣ್ಯಗಳು ಅನುವದನೀಯವೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆ ಚರ್ಚೆಯನ್ನು ಅವರಿಗೇ ಬಿಡೋಣ. ಆದರೆ ‘ನಂಬಬೇಕಾಗಿಲ್ಲ’ ಎಂಬ ಮಾತನ್ನು ನಾವು ಒಪ್ಪಲಾರೆವು.

ಇಥೀರಿಯಂ, ಸೊಲಾನಾ ಮೊದಲಾದ ಬ್ಲಾಕ್‌ಚೈನ್‌ಗಳು ಪ್ರತ್ಯೇಕ ಲೆಕ್ಕಪುಸ್ತಕಗಳು. ಒಂದರಲ್ಲಿ ದಾಖಲಾದದ್ದು ಇನ್ನೊಂದಕ್ಕೆ ತಾನಾಗಿ ತಿಳಿಯದು. ಆದ್ದರಿಂದ ಸಾಮಾನ್ಯವಾಗಿ ಸೊತ್ತನ್ನು ಮೊದಲನೆಯದರಲ್ಲಿ ಬೀಗ ಹಾಕಿ ಇಟ್ಟು, ಎರಡನೆಯದರಲ್ಲಿ ಅದರ ಹೆಸರಿನ ಚೀಟಿಯೊಂದನ್ನು ಸೃಷ್ಟಿಸಲಾಗುತ್ತದೆ. ಇದಕ್ಕೆ ‘ಸೇತುವೆ’ ಎಂದು ಹೆಸರು. ಚೀಟಿ ನಮ್ಮ ಕೈಯಲ್ಲಿ, ಸೊತ್ತು ಬೀಗದ ಕೈ ಹಿಡಿದವರ ವಶದಲ್ಲಿ. ಇದು ಅಮಾನತ್ತಲ್ಲದೆ ಮತ್ತೇನು?

‘ಆಕ್ಸಿ ಇನ್ಫಿನಿಟಿ’ ಆಟದ ರೋನಿನ್ ಸೇತುವೆಗೆ ಒಂಬತ್ತು ಕೀಲಿಗಳಿದ್ದವು. ಹಣ ತೆಗೆಯಲು ಐದು ಸಾಕಿತ್ತು. ನಾಲ್ಕು ಒಂದೇ ಕಂಪೆನಿಯ ಕೈಯಲ್ಲಿದ್ದವು. ಐದನೆಯದರ ಪರವಾಗಿ ಸಹಿ ಹಾಕಲು ಆ ಕಂಪೆನಿಗೆ ಹಿಂದೊಮ್ಮೆ ದೊರೆತಿದ್ದ ಅನುಮತಿಯನ್ನು ರದ್ದುಪಡಿಸಿರಲೇ ಇಲ್ಲ. 2022ರ ಮಾರ್ಚ್‌ನಲ್ಲಿ ಕಳ್ಳರು 1,73,600 ಇಥರ್ ಹಾಗೂ 2.55 ಕೋಟಿ ಡಾಲರ್ ಮೌಲ್ಯದ ಯುಎಸ್‌ಡಿಸಿ ದೋಚಿದರು. ಆರು ದಿನಗಳ ಬಳಿಕ, ಬಳಕೆದಾರನೊಬ್ಬನಿಗೆ ತನ್ನ ಇಥರ್ ಹಿಂಪಡೆಯಲಾಗದಾಗಲೇ ಸಂಗತಿ ಬಯಲಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ವರ್ಮ್‌ಹೋಲ್ ಸೇತುವೆಯಲ್ಲಿ, ಏನನ್ನೂ ಠೇವಣಿಯಿಡದೆ, 1,20,000 ಇಥರ್‌ನ ಚೀಟಿಗಳನ್ನು ಸೃಷ್ಟಿಸಲಾಗಿತ್ತು.

“ಬಳಕೆದಾರರಿಗೆ ನಷ್ಟ ತುಂಬಿಕೊಡಲಾಯಿತಲ್ಲ” ಎಂದು ಕೆಲವರು ಸಮರ್ಥಿಸುತ್ತಾರೆ. ನಿಜ. ಆದರೆ ತುಂಬಿಕೊಟ್ಟವರು ಮನುಷ್ಯರೇ ತಾನೇ? ಹಾಗಾದರೆ ನಾವು ನಂಬಿದ್ದು ಅವರನ್ನೇ ಹೊರತು ಗಣಿತವನ್ನಲ್ಲ.

ದೋಷ ತಂತ್ರಜ್ಞಾನದ್ದಲ್ಲ. ‘ಅಟಾಮಿಕ್ ಸ್ವ್ಯಾಪ್’ ಎಂಬ ಇನ್ನೊಂದು ವಿಧಾನದಲ್ಲಿ ಯಾರ ಬಳಿಯೂ ಸೊತ್ತನ್ನು ಒಪ್ಪಿಸಬೇಕಾಗಿಲ್ಲ. ಎರಡೂ ಕಡೆ ರಹಸ್ಯ ಸಂಕೇತ ಹಾಗೂ ಕಾಲಮಿತಿಯ ಬೀಗವಿರುತ್ತದೆ. ವಿನಿಮಯ ಇಬ್ಬರಿಗೂ ಪೂರ್ಣಗೊಳ್ಳುತ್ತದೆ, ಇಲ್ಲವೇ ಅವಧಿ ಮುಗಿದ ಬಳಿಕ ಅವರವರ ಸೊತ್ತು ಅವರಿಗೇ ಮರಳುತ್ತದೆ. ಚಿನ್ನ-ಬೆಳ್ಳಿಯ ವಿನಿಮಯ ಕೈಯಿಂದ ಕೈಗೆ ನಡೆಯಬೇಕೆಂದು ಪ್ರವಾದಿ(ಸ) ಕಲಿಸಿದ ಶಿಸ್ತಿಗೆ ಇದು ಹೆಚ್ಚು ಸಮೀಪ. ಆದರೆ ಪ್ರಚಾರಕರ ಬಾಯಲ್ಲಿ ಈ ವ್ಯತ್ಯಾಸದ ಸೊಲ್ಲೇ ಇಲ್ಲ!

ಅಮಾನತ್ತುಗಳನ್ನು ಹಕ್ಕುದಾರರಿಗೆ ಮರಳಿಸಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ (4:58). ಹಜ್ಜ್‌ಗಾಗಿ ಕೂಡಿಟ್ಟ ಹಣವನ್ನಾಗಲಿ, ಗಲ್ಫ್‌ನ ಬಿಸಿಲಲ್ಲಿ ದುಡಿದ ಗಳಿಕೆಯನ್ನಾಗಲಿ ಸೇತುವೆಗೆ ಒಪ್ಪಿಸುವ ಮುನ್ನ ಕೇಳೋಣ: ಕೀಲಿಗಳು ಎಷ್ಟು? ಯಾರ ಕೈಯಲ್ಲಿವೆ? ಕಳೆದುಹೋದರೆ ಹೊಣೆ ಯಾರದು? ಉತ್ತರಿಸಲಾರದವನು ‘ಬಡ್ಡಿಯಿಲ್ಲ’ ಎಂದು ಎಷ್ಟು ಬಾರಿ ಹೇಳಿದರೂ ನಮ್ಮ ಅಮಾನತ್ತಿಗೆ ಅರ್ಹನಲ್ಲ.