ಓಕೆ ಒತ್ತುವ ಮುಂಚೆ ನೋಟಿಸ್ ಅಂಟಿಸಿ

ಫೆಸ್ಟ್ ಸೀಸನ್ ಬಂತು ಅಂದ್ರೆ ಚೆಸ್ ಟೂರ್ನಮೆಂಟೂ ಬಂತು. ಬೋರ್ಡು, ಕ್ಲಾಕು, ಸರ್ಟಿಫಿಕೇಟು ಎಲ್ಲದಕ್ಕೂ ಒಬ್ಬೊಬ್ಬರು ಇನ್‌ಚಾರ್ಜ್ ಇರ್ತಾರೆ. ಪೇರಿಂಗ್ ಸಾಫ್ಟ್‌ವೇರಿಗೆ ಮಾತ್ರ ಯಾರ ಲ್ಯಾಪ್‌ಟಾಪಲ್ಲಿ ಚಾರ್ಜ್ ಇದೆಯೋ ಅವರೇ ಗತಿ. ಹೆಸರು ಟೈಪ್ ಮಾಡಿ, ಕೇಳಿದ ಕಡೆಯೆಲ್ಲ ಓಕೆ ಒತ್ತಿದರೆ ಮೊದಲ ರೌಂಡ್ ಶುರು. ನಮ್ಮ ತಕರಾರು ಇರೋದು ಆ ಓಕೆ ಮೇಲೆ. ಅಲ್ಲಿ ಕೇಳುವ ಒಂದೊಂದು ಸೆಟ್ಟಿಂಗೂ ಟೂರ್ನಮೆಂಟಿನ ಒಂದೊಂದು ನಿಯಮ. ಆಡುವವರಿಗೇ ಗೊತ್ತಿಲ್ಲದ ನಿಯಮ ಎಂಥ ನಿಯಮ?

ಹೊಸಬರಿಗೆ ಎರಡು ಮಾತು. ನಮ್ಮಲ್ಲಿ ನಡೆಯೋದು ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ಸೋತರೂ ಯಾರೂ ಹೊರಗೆ ಹೋಗಲ್ಲ. ಪ್ರತಿ ರೌಂಡಲ್ಲೂ ಆದಷ್ಟು ಸಮ ಪಾಯಿಂಟಿನವರು ಎದುರಾಗ್ತಾರೆ, ಒಮ್ಮೆ ಆಡಿದವರ ಜೊತೆ ಮತ್ತೆ ಆಡೋ ಹಾಗಿಲ್ಲ. ಈ ಲೆಕ್ಕವನ್ನೆಲ್ಲ ಸ್ವಿಸ್-ಮ್ಯಾನೇಜರ್‌ನಂಥ ಸಾಫ್ಟ್‌ವೇರ್ ಕ್ಷಣದಲ್ಲಿ ಮಾಡಿ ಕೊಡುತ್ತೆ, ಸರಿಯಾಗಿಯೇ ಮಾಡುತ್ತೆ. ನಾವು ಏನು ಹೇಳಿರ್ತೀವೋ ಅದನ್ನ ಮಾತ್ರ.

ಮೊದಲು ರೌಂಡ್ ಎಷ್ಟು ಅನ್ನೋದು. 32 ಜನ ಇದ್ದರೆ 5 ರೌಂಡ್, 64 ಇದ್ದರೆ 6. ಅಷ್ಟಿದ್ದರೆ ಎಲ್ಲಾ ಆಟ ಗೆದ್ದವರು ಒಬ್ಬರಿಗಿಂತ ಹೆಚ್ಚು ಉಳಿಯಲ್ಲ. 'ಸೆಮಿನಾರ್ ಹಾಲ್ ನಾಲ್ಕು ಗಂಟೆಗೆ ಬಿಡಬೇಕು' ಅಂತ 64 ಜನಕ್ಕೆ 4 ರೌಂಡ್ ಇಟ್ಟರೆ ನಾಲ್ಕಕ್ಕೆ ನಾಲ್ಕು ಗೆದ್ದವರೇ ನಾಲ್ಕು ಜನ ಆಗಬಹುದು. ಆಮೇಲೆ ಫಸ್ಟ್ ಪ್ರೈಜ್ ಯಾರಿಗೆ ಅಂತ ತೀರ್ಮಾನ ಮಾಡೋದು ಚೆಸ್ ಅಲ್ಲ, ಟೈಬ್ರೇಕ್.

ಯಾರೂ ಗಮನಿಸದ ಸೆಟ್ಟಿಂಗ್ ಅಂದ್ರೆ ಆರಂಭದ ಕ್ರಮಾಂಕ. ಸಾಮಾನ್ಯ ಕ್ರಮ ಹೀಗೆ: ಮೊದಲು ರೇಟಿಂಗ್, ಆಮೇಲೆ ಟೈಟಲ್, ಎರಡೂ ಸಮ ಆದರೆ ಅಕ್ಷರಮಾಲೆ. ದೊಡ್ಡ ಟೂರ್ನಮೆಂಟಲ್ಲಿ ಇದು ಸರಿ. ನಮ್ಮಲ್ಲಿ ಮುಕ್ಕಾಲು ಜನಕ್ಕೆ ಫಿಡೆ ರೇಟಿಂಗೇ ಇರಲ್ಲ. ಅಂದ್ರೆ ಆದಿತ್ಯ, ಅಭಿಷೇಕ್, ಅನನ್ಯ ಎಲ್ಲ ಮೇಲೆ, ಯಶಸ್, ವಿನಯ್ ಕೆಳಗೆ. ಇಂಗ್ಲಿಷ್‌ನ ಎ ಅಕ್ಷರ ಚೆಸ್ ಚೆನ್ನಾಗಿ ಆಡುತ್ತೆ ಅಂತ ನಮಗಂತೂ ಯಾರೂ ಹೇಳಿಕೊಟ್ಟಿಲ್ಲ. ಆದರೂ 24 ಜನರಲ್ಲಿ 1ನೇ ನಂಬರಿಗೆ 13, 2ಕ್ಕೆ 14 ಅಂತ ಮೊದಲ ರೌಂಡ್ ಬೀಳುತ್ತೆ. 25ನೆಯವರು ಒಬ್ಬರು ಬಂದರೆ ಬೈ ಆ ಕೊನೆಯವರಿಗೇ: ಬಸ್ಸು ಹತ್ತಿ ಆಡೋಕೆ ಬಂದ ಯಶಸ್ ಒಂದು ಗಂಟೆ ಸುಮ್ಮನೆ ಕೂತು ಒಂದು ಪಾಯಿಂಟ್ ತಗೋತಾನೆ. ಮುಂದಿನ ರೌಂಡುಗಳಲ್ಲೂ ಒಂದೇ ಪಾಯಿಂಟಿನವರ ಗುಂಪಿನಲ್ಲಿ ಜೋಡಿ ಸಿಗದೆ ಒಬ್ಬರು ಉಳಿದರೆ, ಕೆಳಗಿನ ಗುಂಪಿಗೆ ಇಳಿಯೋದು ಸಾಮಾನ್ಯವಾಗಿ ಪಟ್ಟಿಯ ಕೊನೆಯವರೇ. ಹೀಗಾಗಿ ಹೆಸರಿನ ಮೊದಲ ಅಕ್ಷರ ಕೊನೆವರೆಗೂ ಕಾಡುತ್ತೆ. ಇದಕ್ಕೆ ಪರಿಹಾರ ಸುಲಭ. ರೇಟಿಂಗ್ ಇದ್ದವರು ರೇಟಿಂಗ್ ಪ್ರಕಾರ ಮೇಲೆ, ಉಳಿದವರಿಗೆ ಎಲ್ಲರೆದುರು ಚೀಟಿ ಎತ್ತಿ ನಂಬರ್ ಕೊಡಿ. ಆನ್‌ಲೈನ್ ರೇಟಿಂಗ್ ತಗೊಳ್ಳಿ ಅಂತಾರೆ ಕೆಲವರು. ಒಬ್ಬೊಬ್ಬರದು ಒಂದೊಂದು ಆ್ಯಪು, ಅದರಲ್ಲೂ ರೂಮ್‌ಮೇಟ್ ಆಡಿಕೊಟ್ಟ ರೇಟಿಂಗ್ ಎಷ್ಟೋ! ಚೀಟಿಯೇ ವಾಸಿ.

ಜಗಳ ಆಗೋದು ಟೈಬ್ರೇಕಲ್ಲಿ. ಒಂದು ಕಾಲೇಜಿನ ಫೆಸ್ಟಲ್ಲಿ ನಾವು ನೋಡಿದ್ದು: ನಾಲ್ಕಕ್ಕೆ ನಾಲ್ಕು ಗೆದ್ದು ಬಂದಿದ್ದ ಹುಡುಗ ಕೊನೆಯ ರೌಂಡಲ್ಲಿ 3 ಪಾಯಿಂಟ್ ಇದ್ದ ಫಸ್ಟ್ ಇಯರ್ ಹುಡುಗಿಗೆ ಸೋತ. ಇಬ್ಬರಿಗೂ 4. ಎದುರಾಳಿಗಳ ಪಾಯಿಂಟ್ ಕೂಡಿಸುವ ಬುಕೋಲ್ಟ್ಸ್ ಮೊದಲು ಬಂದರೆ, ಶುರುವಿಂದ ಮೇಲಿನ ಬೋರ್ಡಲ್ಲಿ ಆಡಿದ ಹುಡುಗ ಫಸ್ಟ್. ಇಬ್ಬರ ನಡುವಿನ ಆಟದ ಫಲಿತಾಂಶ ಮೊದಲು ಬಂದರೆ ಹುಡುಗಿ ಫಸ್ಟ್. ನಮ್ಮ ಕೇಳಿದ್ರೆ ಎರಡಕ್ಕೂ ನ್ಯಾಯ ಇದೆ. ಅಲ್ಲಿ ಇದರ ಚರ್ಚೆ ಶುರುವಾಗಿದ್ದು ಮಾತ್ರ ಆಟ ಮುಗಿದ ಮೇಲೆ, ಇಬ್ಬರ ಹೆಸರೂ ಸ್ಕ್ರೀನ್ ಮೇಲೆ ಇರುವಾಗ. ಆಗ ಕ್ರಮ ಬದಲಿಸಿದರೂ ಬಿಟ್ಟರೂ ಅದು ಒಬ್ಬರ ಪರವೇ. ಕೊನೆಗೆ ಬಹುಮಾನ ಹುಡುಗನಿಗೆ ಹೋಯ್ತು. ಯಾಕೆ ಅಂತ ಆ ಹುಡುಗಿ ಕೇಳಿದಾಗ ಸಿಕ್ಕ ಉತ್ತರ, 'ಸಿಸ್ಟಮ್ ಹಾಗೆ ತೋರಿಸ್ತಿದೆ.'

ಈ ಉತ್ತರ ಕೇಳಿದರೆ ನಮಗೆ ಸಿಟ್ಟು ಬರುತ್ತೆ. ನಾವು ಕೋಡ್ ಬರೆಯೋಕೆ ಕಲೀತಿರೋರು. ಡೀಫಾಲ್ಟ್ ಅನ್ನೋದು ಯಾರೋ ಎಲ್ಲೋ ಕೂತು ಆರಿಸಿದ ಬೆಲೆ ಅಂತ ಬೇರೆಯವರಿಗಿಂತ ನಮಗೆ ಚೆನ್ನಾಗಿ ಗೊತ್ತಿರಬೇಕು.

'ಫೆಸ್ಟ್ ಟೂರ್ನಮೆಂಟಿಗೆ ಇಷ್ಟೆಲ್ಲ ಯಾಕ್ರೋ' ಅಂತ ಸೀನಿಯರ್‌ಗಳು ನಗ್ತಾರೆ. ಎಂಟ್ರಿ ಫೀ ತಗೊಂಡು ಕ್ಯಾಶ್ ಪ್ರೈಜ್ ಅಂತ ಪೋಸ್ಟರ್ ಹಾಕುವಾಗ ಅದು ಸೀರಿಯಸ್ಸೇ ಆಗಿರುತ್ತಲ್ಲ. ಇನ್ನು ಒಂದೇ ಬ್ರಾಂಚಿನವರನ್ನ ಮೊದಲೆರಡು ರೌಂಡ್ ಎದುರು ಹಾಕಬೇಡಿ ಅಂತ ಕೇಳೋರೂ ಇದ್ದಾರೆ. ಅದನ್ನೂ ಬೇಕಾದರೆ ಮಾಡಿ, ಮೊದಲೇ ಹೇಳಿ ಮಾಡಿ. ರೌಂಡ್ ನಡುವೆ ಯಾರೋ ಬಂದು ಕಿವೀಲಿ ಹೇಳಿದ್ದಕ್ಕೆ ಪೇರಿಂಗ್ ತಿದ್ದೋದು ಮಾತ್ರ ಬೇಡವೇ ಬೇಡ.

ನಾವು ಕೇಳ್ತಿರೋದು ಒಂದು ಎ4 ಹಾಳೆ. ರೌಂಡ್ ಎಷ್ಟು, ನಂಬರ್ ಕೊಟ್ಟಿದ್ದು ಹೇಗೆ, ಬೈಗೆ ಎಷ್ಟು ಪಾಯಿಂಟ್, ಟೈಬ್ರೇಕ್ ಯಾವುದಾದ ಮೇಲೆ ಯಾವುದು. ಬರೆದು, ಮೊದಲ ಕ್ಲಾಕ್ ಒತ್ತುವ ಮುಂಚೆ ಹಾಲಿನ ಬಾಗಿಲಿಗೆ ಅಂಟಿಸಿ. ಪ್ರಿಂಟ್ ದುಡ್ಡು ಬೇಕಾದರೆ ನಾವೇ ಕೊಡ್ತೀವಿ.