ನೇಪಾಳದ ರಸ್ತೆ: ಶಾಲೆಯ ರಜೆಗಿಂತ ಮಳೆಯ ಲೆಕ್ಕ ಮುಖ್ಯ

ಸ್ವಂತ ಕಾರಿನಲ್ಲಿ, ವೀಸಾ ಇಲ್ಲದೆ ಹೋಗಿಬರಬಹುದಾದ ವಿದೇಶ ನೇಪಾಳ. ಪಶುಪತಿನಾಥನ ಅರ್ಚಕ ಭಟ್ಟರ ಪರಂಪರೆಯಲ್ಲಿ ಕರ್ನಾಟಕ ಮೂಲದವರಿರುವುದರಿಂದ ನಮ್ಮವರಿಗೆ ಆ ಕ್ಷೇತ್ರ ದೂರದ್ದೆನಿಸುವುದಿಲ್ಲ. ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ. ಆದರೆ ಈ ಪರಿಚಿತ ಭಾವವೇ ಯಾತ್ರಿಕರನ್ನು ಎಚ್ಚರ ತಪ್ಪಿಸುತ್ತದೆ. ಹಿಮಾಲಯದ ರಸ್ತೆ ನಮ್ಮ ಬಯಲುಸೀಮೆಯ ಹೆದ್ದಾರಿಯೂ ಅಲ್ಲ, ಪಶ್ಚಿಮ ಘಟ್ಟದ ದಾರಿಯೂ ಅಲ್ಲ.

2024ರ ಮೂರು ದುರಂತಗಳು ಇದನ್ನು ಸ್ಪಷ್ಟಪಡಿಸುತ್ತವೆ. ಜುಲೈ 12ರ ನಸುಕಿನಲ್ಲಿ ನಾರಾಯಣಗಢ–ಮುಗ್ಲಿಂಗ್ ರಸ್ತೆಯ ಸಿಮಲತಾಲ್ ಬಳಿ ಗುಡ್ಡ ಕುಸಿದು, 60ಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳು ತ್ರಿಶೂಲಿ ನದಿಯ ಪಾಲಾದವು. ಆಗಸ್ಟ್ 23ರಂದು ಮಹಾರಾಷ್ಟ್ರದ ಯಾತ್ರಿಕರಿದ್ದ ಭಾರತೀಯ ಬಸ್ಸು ತನಹುಂ ಜಿಲ್ಲೆಯಲ್ಲಿ ಮರ್ಸ್ಯಾಂಗ್ದಿ ನದಿಯತ್ತ ಉರುಳಿ 27 ಮಂದಿ ಮೃತಪಟ್ಟರು. ಸೆಪ್ಟೆಂಬರ್ ಕೊನೆಯ ಭಾರೀ ಮಳೆಗೆ ಕಾಠ್ಮಂಡು ಸಮೀಪದ ಹೆದ್ದಾರಿಯಲ್ಲಿ ನಿಂತಿದ್ದ ವಾಹನಗಳೇ ಮಣ್ಣಿನಡಿ ಹೂತುಹೋದವು. ಮೂರೂ ನಡೆದದ್ದು ಮಳೆಗಾಲದಲ್ಲಿ, ಯಾತ್ರಿಕರು ನಿತ್ಯ ಬಳಸುವ ದಾರಿಗಳಲ್ಲಿ.

ಇಲ್ಲಿಯೇ ನಮ್ಮ ಶಾಲಾ ಕುಟುಂಬಗಳು ಯೋಚಿಸಬೇಕಾದ ವಿಷಯವಿದೆ. ನೇಪಾಳದ ಮುಂಗಾರು ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್ ಅಂತ್ಯದವರೆಗೆ. ಕಾಸರಗೋಡಿನ ಮಕ್ಕಳ ಓಣಂ ರಜೆ ಆ ಅವಧಿಯೊಳಗೇ ಬರುತ್ತದೆ. ತಾಳವಾಡಿ, ಹೊಸೂರಿನ ತ್ರೈಮಾಸಿಕ ಪರೀಕ್ಷೆಯ ನಂತರದ ರಜೆ ಅದರ ಅಂಚಿನಲ್ಲಿದೆ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ದೀಪಾವಳಿ ರಜೆಯ ಹೊತ್ತಿಗೆ ಮಾತ್ರ ಆಕಾಶ ತಿಳಿಯಾಗಿರುತ್ತದೆ. ರಜೆ ಸಿಕ್ಕಿತೆಂದು ಹೊರಡುವುದಕ್ಕಿಂತ, ಮಳೆ ಮುಗಿಯಿತೇ ಎಂದು ವಿಚಾರಿಸಿ ಹೊರಡುವುದು ಲೇಸು. ಓಣಂ ರಜೆಯಲ್ಲೇ ಹೋಗಬೇಕಾದವರು ವಿಮಾನದಲ್ಲಿ ಕಾಠ್ಮಂಡು ತಲುಪುವುದು ಒಳಿತು.

ಎರಡನೆಯದು ಹೊತ್ತಿನ ಪ್ರಶ್ನೆ. ಗುಡ್ಡದ ದಾರಿಯಲ್ಲಿ ಕಿಲೋಮೀಟರ್ ಲೆಕ್ಕ ನಂಬಲಾಗದು. ನಾರಾಯಣಗಢದಿಂದ ಮುಗ್ಲಿಂಗ್‌ಗೆ ಕೇವಲ 36 ಕಿಲೋಮೀಟರ್. ಮಣ್ಣು ಕುಸಿದರೆ ಅದೇ ಇಡೀ ದಿನವನ್ನು ನುಂಗುತ್ತದೆ. ಬೆಳಿಗ್ಗೆ ಹೊರಟು, ಕತ್ತಲಾಗುವ ಮೊದಲೇ ತಂಗಬೇಕು. ಇಳಿಜಾರಿನಲ್ಲಿ ಬ್ರೇಕನ್ನಷ್ಟೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ತಿರುವಿನಲ್ಲಿ ಲಾರಿಯನ್ನು ಹಿಂದಿಕ್ಕುವ ಆತುರ ಸಲ್ಲದು. ಗುಡ್ಡದ ಕುರುಡು ತಿರುವಿನಲ್ಲಿ ಹಾರ್ನ್ ಅಗತ್ಯ. ಕಾಠ್ಮಂಡು ನಗರದಲ್ಲಾದರೋ ಅನಗತ್ಯ ಹಾರ್ನ್‌ಗೆ 2017ರಿಂದ ನಿಷೇಧವಿದೆ. ದಕ್ಷಿಣದಿಂದ ದಿನಗಟ್ಟಲೆ ಕಾರು ಓಡಿಸಿ ದಣಿದವರು ಗಡಿಯಲ್ಲಿ ಒಂದು ದಿನ ವಿಶ್ರಮಿಸಬೇಕು, ಇಲ್ಲವೇ ಪರ್ವತದ ಹಾದಿಯನ್ನು ಸ್ಥಳೀಯ ಚಾಲಕನಿಗೆ ಒಪ್ಪಿಸಬೇಕು. ಇದರಲ್ಲಿ ಅವಮಾನವೇನೂ ಇಲ್ಲ.

ಮೂರನೆಯದು ಕಾಗದಪತ್ರ. ಸುನೌಲಿ ಅಥವಾ ರಕ್ಸೌಲ್ ಗಡಿಯಲ್ಲಿ ‘ಭನ್ಸಾರ್’ ಎಂಬ ಸುಂಕದ ಪರವಾನಗಿ ಪಡೆಯದೆ ವಾಹನ ಒಳಹೋಗುವಂತಿಲ್ಲ. ಅನೇಕರು ಮರೆಯುವುದು ವಿಮೆಯನ್ನು: ನಮ್ಮ ವಾಹನ ವಿಮೆ ಭಾರತದೊಳಗಷ್ಟೇ ಅನ್ವಯಿಸುತ್ತದೆ. ಹೆಚ್ಚುವರಿ ಕಂತು ಕಟ್ಟಿ ನೇಪಾಳವನ್ನೂ ಸೇರಿಸಿಕೊಳ್ಳುವ ಅವಕಾಶವಿದ್ದು, ಊರು ಬಿಡುವ ಮೊದಲೇ ಬರೆಹದಲ್ಲಿ ಪಡೆಯಬೇಕು. ತುರ್ತಿಗೆ ಅಲ್ಲಿ ಪೊಲೀಸ್ 100, ಆಂಬುಲೆನ್ಸ್ 102, ಸಂಚಾರ ಪೊಲೀಸ್ 103.

ಗಡಿ ದಾಟಿದೊಡನೆ ಫಲಕದ ಲಿಪಿಯೂ ಕಚೇರಿಯ ನಿಯಮವೂ ಬದಲಾಗುವುದನ್ನು ನಿತ್ಯ ಕಾಣುವವರು ನಾವು. ಆ ವಿವೇಕವನ್ನು ನೇಪಾಳಕ್ಕೂ ಒಯ್ಯಬೇಕು. ಅಲ್ಲಿನ ಫಲಕಗಳು ದೇವನಾಗರಿಯಲ್ಲಿವೆ. ಶಾಲೆಯಲ್ಲಿ ಹಿಂದಿಯನ್ನೋ ಮರಾಠಿಯನ್ನೋ ಕಲಿತ ಮಕ್ಕಳು ಅವನ್ನು ಓದಬಲ್ಲರು. ‘ಪಹಿರೋ’ ಎಂದರೆ ಭೂಕುಸಿತ. ಆ ಪದ ಕಂಡಲ್ಲಿ ಹಿಂದಿನ ಸೀಟಿನಿಂದ ಮಗು ಕೂಗಿ ಹೇಳಿದರೆ, ಅಪ್ಪ ವೇಗ ತಗ್ಗಿಸಲಿ.