ಹೆಡರ್ ಇಲ್ಲದ ಇ-ಮೇಲ್, ತಲುಪದ ಇನ್‌ವಾಯ್ಸ್

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳ ಅಡಿಕೆ ಮಂಡಿ, ಅಕ್ಕಿ ಗಿರಣಿಗಳಲ್ಲಿ ತಮ್ಮ ವ್ಯವಹಾರಕ್ಕೆಂದೇ ಬರೆಸಿಕೊಂಡ ಬಿಲ್ಲಿಂಗ್ ತಂತ್ರಾಂಶ ಇಂದು ಅಪರೂಪವೇನಲ್ಲ. ಗುಂಡಿ ಒತ್ತಿದೊಡನೆ ಇನ್‌ವಾಯ್ಸ್ ಇ-ಮೇಲ್ ಮೂಲಕ ದೂರದ ಖರೀದಿದಾರರಿಗೆ ಹೋಗಬೇಕು. ಹೋಯಿತೆಂದು ಪರದೆ ತೋರಿಸುತ್ತದೆ. ಬಂದಿಲ್ಲವೆಂದು ಖರೀದಿದಾರರು ಹೇಳುತ್ತಾರೆ. ಹಣ ಬಾಕಿ ನಿಲ್ಲುತ್ತದೆ. ತಪ್ಪನ್ನು ಇಂಟರ್‌ನೆಟ್ ಸಂಪರ್ಕದ ಮೇಲೋ ಖರೀದಿದಾರರ ನೆಪದ ಮೇಲೋ ಹೊರಿಸುವುದು ವಾಡಿಕೆ. ತಂತ್ರಾಂಶ ಬರೆದವರು ಬಿಟ್ಟುಹೋದ ಒಂದೆರಡು ಸಾಲುಗಳೇ ಇದಕ್ಕೆ ಕಾರಣವಾಗಿರಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ.

ಅಂಚೆಯಂತೆ ಇ-ಮೇಲಿನಲ್ಲಿಯೂ ಲಕೋಟೆ ಬೇರೆ, ಒಳಗಿನ ಪತ್ರ ಬೇರೆ. ಲಕೋಟೆಯ ವಿಳಾಸ ಸರಿಯಿದ್ದರೆ ಸರ್ವರ್ ಅದನ್ನು ಸಾಗಿಸಲು ಒಪ್ಪೀತು. ಆದರೆ ಪತ್ರದ ತಲೆಯಲ್ಲಿ ಬರೆದವರಾರು, ಯಾವ ದಿನ ಎಂಬ ನಮೂದು ಇರಲೇಬೇಕು. ಈ ನಮೂದುಗಳೇ ಹೆಡರ್‌ಗಳು. 2008ರ ಆರ್‌ಎಫ್‌ಸಿ 5322 ಎಂಬ ಮಾನದಂಡದಂತೆ ‘ಫ್ರಮ್’ ಮತ್ತು ‘ಡೇಟ್’ ಕಡ್ಡಾಯ. ಪ್ರತಿ ಪತ್ರಕ್ಕೂ ಪ್ರತ್ಯೇಕವಾದ ‘ಮೆಸೇಜ್-ಐಡಿ’ ಇರುವುದು ಉಚಿತವೆಂದೂ ಅದು ಹೇಳುತ್ತದೆ. ಬಳ್ಳಿಗಾವೆಯ ದಾನಶಾಸನಗಳಲ್ಲಿ ಶಕವರ್ಷ, ತಿಥಿ, ವಾರ, ದಾನಿಯ ಹೆಸರುಗಳನ್ನು ಕಲ್ಲಿನಲ್ಲಿ ಕಡೆದಿರುವುದನ್ನು ಇಂದಿಗೂ ಕಾಣಬಹುದು. ಕೀಲಿಮಣೆಯ ಮೇಲೆ ಬೆರಳಾಡಿಸುವವರಿಗೆ ಅಷ್ಟೂ ಶ್ರಮವಿಲ್ಲ!

ಮೊದಲು ಇಂಥ ಲೋಪ ಹೇಗೋ ನಡೆಯುತ್ತಿತ್ತು. ನಡುವಿನ ಸರ್ವರ್‌ಗಳೇ ದಿನಾಂಕ ಸೇರಿಸಿಬಿಡುವುದೂ ಉಂಟು. ಆದರೆ 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ನಿಯಮ ಬಿಗಿಗೊಳಿಸಿವೆ. ದಿನಕ್ಕೆ ಹತ್ತೇ ಪತ್ರ ಕಳುಹಿಸುವವರೂ ಈ ಮಾನದಂಡ ಪಾಲಿಸಬೇಕು, ಎಸ್‌ಪಿಎಫ್ ಅಥವಾ ಡಿಕೆಐಎಂ ದೃಢೀಕರಣ ಹೊಂದಿರಬೇಕು. ಇಲ್ಲದಿದ್ದರೆ ಪತ್ರ ಸ್ಪ್ಯಾಮ್ ಪಾಲಾಗುತ್ತದೆ, ಇಲ್ಲವೇ ಬಾಗಿಲಿನಿಂದಲೇ ಹಿಂದಿರುಗುತ್ತದೆ.

ಕಾನೂನಿನ ಮಾತೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 13ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸ್ವೀಕರಿಸುವವರು ಸೂಚಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ಪತ್ರ ಪ್ರವೇಶಿಸಿದಾಗಲೇ ಅದು ತಲುಪಿತೆಂದು ಅರ್ಥ. ಸ್ಪ್ಯಾಮ್‌ಗೆ ಬಿದ್ದುದು ಪ್ರವೇಶಿಸಿದಂತೆಯೇ ಎಂದು ವಾದಿಸಬಹುದೇನೋ. ಬಾಗಿಲಿನಿಂದ ಹಿಂದಿರುಗಿದ್ದಕ್ಕೆ ಆ ವಾದವೂ ಇಲ್ಲ. ವಾಟ್ಸಾಪ್‌ನಲ್ಲಿ ಕಳುಹಿಸಿದರಾಯಿತು ಎನ್ನುವವರಿದ್ದಾರೆ. ಖರೀದಿದಾರ ಸಂಸ್ಥೆಯ ಲೆಕ್ಕಪತ್ರ ವಿಭಾಗ ಇ-ಮೇಲನ್ನೇ ಕೇಳಿದರೆ ಅದು ಸಾಲದು.

ದುರಸ್ತಿ ಸುಲಭ. ಹೆಡರ್‌ಗಳನ್ನು ಕೈಯಾರೆ ಜೋಡಿಸುವ ಬದಲು ಪಿಎಚ್‌ಪಿಮೇಲರ್‌ನಂಥ ಸಿದ್ಧ ಲೈಬ್ರರಿ ಬಳಸಿದರೆ ದಿನಾಂಕವೂ ಮೆಸೇಜ್-ಐಡಿಯೂ ತಾವಾಗಿಯೇ ಬರುತ್ತವೆ. ಕೈಯಾರೆಯೇ ಬರೆಯುವುದಾದರೆ ದಿನಾಂಕದ ಜೊತೆ +0530 ಎಂಬ ಭಾರತೀಯ ಕಾಲಮಾನವಿರಲಿ. ಹೆಡರ್‌ಗಳ ನಡುವೆ ಖಾಲಿ ಸಾಲು ನುಸುಳಕೂಡದು. ನುಸುಳಿದರೆ ಅದರ ಮುಂದಿನ ಹೆಡರ್‌ಗಳೆಲ್ಲ ಪತ್ರದ ಒಡಲೆಂದೇ ಪರಿಗಣಿತವಾಗುತ್ತವೆ. ಕನ್ನಡದಲ್ಲಿ ಬರೆಯುವವರು ಯುಟಿಎಫ್-8 ಎಂದು ಸೂಚಿಸದಿದ್ದರೆ ಅಕ್ಷರಗಳು ಕಲಸಿಹೋದಾವು.

ಈ ಕೆಲಸಕ್ಕೆ ಹೆಚ್ಚುವರಿ ಶುಲ್ಕ ಕೇಳುವುದು ನ್ಯಾಯವಲ್ಲ. ಇದು ಹೊಸ ಸೌಲಭ್ಯವಲ್ಲ, ಮೊದಲೇ ಇರಬೇಕಾಗಿದ್ದದ್ದು. ತಂತ್ರಾಂಶ ಬರೆಸುವ ವರ್ತಕರು ಇದನ್ನು ಕರಾರುಪತ್ರದಲ್ಲಿಯೇ ಸೇರಿಸಬೇಕು. ಒಂದು ಇನ್‌ವಾಯ್ಸನ್ನು ಸ್ವಂತ ಜಿಮೇಲ್ ಖಾತೆಗೆ ಕಳುಹಿಸಿ, ‘ಶೋ ಒರಿಜಿನಲ್’ ಒತ್ತಿ, ಮೂರೂ ಹೆಡರ್‌ಗಳನ್ನು ಕಣ್ಣಾರೆ ಕಂಡ ಮೇಲೆ ಕೊನೆಯ ಕಂತು ಪಾವತಿಸಿದರಾಯಿತು.